ಕೋಳಿ ಜಾಲರಿಯ ಛತ್ರಿಯಿಂದ ಓಟಿಪಿವರೆಗೆ...

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಅದು ಮುಗಿದರೆ ಇನ್ನೊಂದು ರಿಲೀಸು... ನಿಮಗೆಲ್ಲ ಗೊತ್ತಿರೋ ಕಥೆಯೇ, ಬಿಡಿ. ದೀಪಾವಳಿಗೆ ಊರಿಗೆ ಹೋದಾಗ ತಂಗಿ ಒಂದು ಪ್ರಶ್ನೆ ಕೇಳಿದಳು. ಉತ್ತರ ಹುಡುಕಲು ಹೋಗಿ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಟೀ ಮಾಡಿಕೊಂಡು ಓದಿ :-)

ನಮ್ಮೂರು ಯರಗೇರಾ. ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ರಾಯರ ಮಠಕ್ಕೆ ಹೋದವರು ಬಸ್ಸಿನ ಕಿಟಕಿಯಿಂದ ನೋಡಿರಬಹುದು, ನೆನಪಿರಲಿಕ್ಕಿಲ್ಲ. ಒಂದು ಕಾಲಕ್ಕೆ ಊರ ಹೆಸರು ಹೇಳಿದರೆ "ಅದು ಎಲ್ಲಿ ಬರುತ್ತೆ?" ಅಂತಿದ್ದರು. ಈಗ ನಮ್ಮೂರಲ್ಲಿ ಒಂದು ವಿಶ್ವವಿದ್ಯಾಲಯ ಇದೆ! ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜಾಗ 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಆಯಿತು. ರಾಯಚೂರು, ಯಾದಗಿರಿ ಎರಡೂ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿದವು. ಈಗ ಅದಕ್ಕೆ ಮಹರ್ಷಿ ವಾಲ್ಮೀಕಿಯವರ ಹೆಸರು.

ಇಷ್ಟೆಲ್ಲ ಇದ್ದರೂ ನಮ್ಮ ಮನೆಯ ಹೆಣ್ಣುಮಗಳಿಗೆ ಅದರಿಂದ ಏನೂ ಆಗಲಿಲ್ಲ. ತಂಗಿ ಅಂದರೆ ಚಿಕ್ಕಪ್ಪನ ಮಗಳು. ಪಿಯುಸಿ ಮುಗಿಯುತ್ತಲೇ ಮದುವೆ ಮಾಡಿ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟರು. ಇಬ್ಬರು ಮಕ್ಕಳು, ಮೂರೆಕರೆ ಹತ್ತಿ, ಅತ್ತೆ, ಮಾವ. ಹತ್ತಿ ಬಿಡಿಸೋ ಕಾಲದಲ್ಲಿ ಫೋನ್ ಮಾಡಿದರೆ ಎತ್ತುವುದೂ ಇಲ್ಲ. ಹಬ್ಬಕ್ಕೆ ತವರಿಗೆ ಬಂದವಳು, ನಾನು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಾಗ ಪಕ್ಕಕ್ಕೆ ಬಂದು ಕೂತಳು.

"ಅಣ್ಣಾ, ಮನ್ಯಾಗ ಕುಂತು ಫೋನಿನ್ಯಾಗ ಡಿಗ್ರಿ ಮಾಡಿದ್ರ ಅದಕ್ಕ ಬೆಲೆ ಅದ ಏನು? ನಾಳೆ ಯಾರರ ಇದು ನಡೆಂಗಿಲ್ಲ ಅಂದ್ರ?"

ಹೌದು ಅಂತ ತಕ್ಷಣ ಹೇಳಲು ಆಗಲಿಲ್ಲ. ಯಾಕೆಂದರೆ ಅವಳ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ನಮ್ಮ ಇನ್ನೊಬ್ಬ ಕಾಕಾ, ಗುಮಾಸ್ತರಾಗಿದ್ದವರು, ಪ್ರಮೋಷನ್ ಆಸೆಗೆ ಒಂದು ದೂರಶಿಕ್ಷಣ ಕೇಂದ್ರದಲ್ಲಿ ಡಿಗ್ರಿಗೆ ಸೇರಿದ್ದರು. ಹೆಸರು ಬೇಡ. ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಬೋರ್ಡು ಹಾಕಿಕೊಂಡಿದ್ದ ಎರಡು ರೂಮಿನ ಕೇಂದ್ರ. ಎರಡನೇ ವರ್ಷದ ಫೀಸು ಕಟ್ಟಿ ಒಂದು ತಿಂಗಳಿಗೆ ಹೋಗಿ ನೋಡಿದರೆ ಬೀಗ. ಆ ಬೋರ್ಡೂ ಇಲ್ಲ. ಕಾಕಾ ಈಗಲೂ ಮೊದಲ ವರ್ಷದ ಅಂಕಪಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಅದನ್ನು ಮನೆಯವರೆಲ್ಲ ನೋಡಿದ್ದೇವೆ.

"ನೋಡಿ ಹೇಳ್ತೀನವ್ವ" ಅಂದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ, "ಏ, ಇದೆಲ್ಲ ಹೊಸದೇನಲ್ಲಪಾ. ನಾವು ಸಣ್ಣವರಿದ್ದಾಗನ ಆಕಾಶದಾಗಿಂದ ಪಾಠ ಬರ್ತಿತ್ತು" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ, ನಗಬಾರದಿತ್ತು.

ಸೈಟ್ ಅಂತ ಒಂದು ಪ್ರಯೋಗ. ಉಪಗ್ರಹದ ಮೂಲಕ ಟೀವಿಯಲ್ಲಿ ಪಾಠ ಹೇಳುವ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಲೆಕ್ಕ ಹಾಕಿ ಒಂದು ವರ್ಷ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ನಮ್ಮ ದೇಶಕ್ಕೆ ಕಾಣುವ ಹಾಗೆ ಸರಿಸಿ ನಿಲ್ಲಿಸಿತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟೀವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ಮೂರು ಜಿಲ್ಲೆ: ಬಿಜಾಪುರ, ಗುಲಬರ್ಗಾ, ಮತ್ತು ನಮ್ಮ ರಾಯಚೂರು!

ಇಲ್ಲಿ ಒಂದು ನಿಮಿಷ ನಿಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರ ನವೆಂಬರ್ 1ಕ್ಕೆ. ಅಂದರೆ ರಾಯಚೂರು ಜಿಲ್ಲೆಯ ಹಳ್ಳಿಯ ಹುಡುಗರು ಕನ್ನಡದಲ್ಲಿ ಟೀವಿ ನೋಡಿದ್ದು ಬೆಂಗಳೂರಿನವರಿಗಿಂತ ಆರು ವರ್ಷ ಮೊದಲು. ಇನ್ಮೇಲೆ ಆಫೀಸಿನಲ್ಲಿ ಯಾರಾದರೂ "ನಿಮ್ಮ ಕಡೆ ಎಲ್ಲಾ ಲೇಟು" ಅಂದರೆ ಇದನ್ನು ಹೇಳಬೇಕು ಅಂತ ಇಟ್ಟುಕೊಂಡಿದ್ದೇನೆ :-)

ದೊಡ್ಡಪ್ಪ ಆಗ ಮಾನ್ವಿ ತಾಲ್ಲೂಕಿನ ಸೋದರಮಾವನ ಊರಲ್ಲಿ ಶಾಲೆಗೆ ಹೋಗುತ್ತಿದ್ದರು. ಶಾಲೆ ಮಾಳಿಗೆ ಮೇಲೆ "ಕೋಳಿ ಗೂಡಿಗೆ ಹಾಕ್ತಾರಲ್ಲ, ಅಂಥಾ ಜಾಲರಿ ಛತ್ರಿ" ಇತ್ತು ಅಂತ ಅವರ ನೆನಪು. ನೆನಪು ಸುಳ್ಳಲ್ಲ. ಆ ಆಂಟೆನಾ ನಿಜವಾಗಿಯೂ ಕೋಳಿ ಜಾಲರಿಯದ್ದೇ. ಸುಮಾರು ಮೂರು ಮೀಟರ್ ಅಗಲ. ನಮ್ಮ ಎಂಜಿನಿಯರುಗಳು ಕಡಿಮೆ ಖರ್ಚಿನಲ್ಲಿ, ಹಳ್ಳಿಯಲ್ಲಿ ರಿಪೇರಿ ಮಾಡಲು ಬರುವ ಹಾಗೆ ಮಾಡಿದ್ದರು. ಟೀವಿ ಸೆಟ್ಟು ಹೈದರಾಬಾದಿನ ಇಸಿಐಎಲ್ ಕಂಪನಿಯದು. ಉಪಗ್ರಹ ಇದ್ದದ್ದು 36,000 ಕಿ.ಮೀ. ಎತ್ತರದಲ್ಲಿ. ಮೇಲೆ ಅಷ್ಟು ದೊಡ್ಡ ಯಂತ್ರ, ಕೆಳಗೆ ಕೋಳಿ ಜಾಲರಿ. ಇಂಥದ್ದೇ ಒಂದು ಸೆಟ್ಟನ್ನು ಕೊಲಂಬೋದಲ್ಲಿದ್ದ ಆರ್ಥರ್ ಸಿ. ಕ್ಲಾರ್ಕ್ ಮನೆಯಲ್ಲೂ ಇಸ್ರೋದವರು ಹಾಕಿಕೊಟ್ಟಿದ್ದರು. ಸಂಪರ್ಕ ಉಪಗ್ರಹದ ಕಲ್ಪನೆಯನ್ನು 1945ರಲ್ಲೇ ಬರೆದಿದ್ದ ಲೇಖಕ ಅವರು. ಅಂದರೆ ಮಾನ್ವಿಯ ಹುಡುಗರೂ ಕ್ಲಾರ್ಕ್ ಸಾಹೇಬರೂ ಒಂದೇ ಉಪಗ್ರಹದ ಪ್ರೇಕ್ಷಕರು!

ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ. ಇದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕು ಭಾಷೆ ಹಂಚಿಕೊಳ್ಳಬೇಕು. ಬೆಳಗಿನ ತೊಂಬತ್ತು ನಿಮಿಷವನ್ನು ನಾಲ್ಕು ಪಾಲು ಮಾಡಿದರೆ ಕನ್ನಡಕ್ಕೆ ಸಿಗುವುದು ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ದೊಡ್ಡಪ್ಪನಿಗೆ ಪಾಠ ಒಂದೂ ನೆನಪಿಲ್ಲ. ಸಂಜೆ ಹೊತ್ತು ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ, ಹುಡುಗರು ಮುಂದೆ ನೆಲದ ಮೇಲೆ ಕೂತು ನೋಡುತ್ತಿದ್ದದ್ದು ನೆನಪಿದೆ. ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ "ಹೋ" ಅಂತಿದ್ದರಂತೆ.

ಪಾಠ ಮಕ್ಕಳಿಗೆ ಮಾತ್ರ ಅಲ್ಲ, ಮೇಷ್ಟ್ರುಗಳಿಗೂ ಇತ್ತು. ರಜೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಇದೇ ಟೀವಿ ಮೂಲಕ ನಡೆಯಿತು, ಆರೂ ರಾಜ್ಯ ಸೇರಿ ಸುಮಾರು 50,000 ಶಿಕ್ಷಕರಿಗೆ. ಈಗಿನ ವೆಬಿನಾರ್ ಅನ್ನೋದು ಇದೇ ಅಲ್ವಾ? ಪ್ರಯೋಗ ಮುಗಿದ ಮೇಲೆ ಅಧ್ಯಯನ ಮಾಡಿದವರು ಕಂಡ ಒಂದು ವಿಷಯ ನನಗೆ ಬಹಳ ಮುಖ್ಯ ಅನಿಸಿತು. ಹೊಸ ವಿಷಯ ಹೆಚ್ಚು ಕಲಿತವರು ಮೊದಲೇ ಓದಿದವರಲ್ಲ. ಅಕ್ಷರ ಬಾರದವರು, ಅದರಲ್ಲೂ ಹೆಂಗಸರು.

ಆದರೆ ವರ್ಷ ಮುಗಿಯಿತು. ಉಪಗ್ರಹ ಸಾಲಕ್ಕೆ ತಂದದ್ದು, ವಾಪಸ್ ಹೋಯಿತು. "ಒಂದಿನ ಹಚ್ಚಿದ್ರ ಬರೇ ಇರುವಿ ಹರಿದಾಡಿದಂಗ ಚುಕ್ಕಿ" ಅಂದರು ದೊಡ್ಡಪ್ಪ. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ಒಂದು ಟೀವಿ ಕೇಂದ್ರ ಬಂತು, ಆ ಸುತ್ತಿನ ಹಳ್ಳಿಗಳಿಗೆ ಕಾರ್ಯಕ್ರಮ ಮುಂದುವರಿಯಿತು. ದೊಡ್ಡಪ್ಪನ ಊರಿನ ಛತ್ರಿ ಮಾತ್ರ ಮಾಳಿಗೆ ಮೇಲೆ ತುಕ್ಕು ಹಿಡಿಯಿತಂತೆ. ಕೊನೆಗೆ ಯಾರೋ ನಿಜವಾಗಿಯೂ ಕೋಳಿ ಗೂಡಿಗೆ ಬಳಸಿಕೊಂಡರು ಅಂತಾರೆ. ಇದು ದೊಡ್ಡಪ್ಪ ಸೇರಿಸಿದ ಒಗ್ಗರಣೆ ಇರಬಹುದು!

ಇದನ್ನೆಲ್ಲ ಓದುವಾಗ 1969 ಅನ್ನೋ ಇಸವಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಸೈಟ್ ಬಗ್ಗೆ ನಾಸಾ ಜೊತೆ ಒಪ್ಪಂದ ಆಗಿದ್ದು 1969ರಲ್ಲಿ. ಇಸ್ರೋ ಹುಟ್ಟಿದ್ದು 1969ರ ಆಗಸ್ಟ್ 15. ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋಗಿದ್ದು 1969ರ ಅಕ್ಟೋಬರ್‌ನಲ್ಲಿ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಸ್ಥಾಪನೆ 1969. ಹಾಗೇ, ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ ಶುರು ಮಾಡಿದ್ದೂ 1969ರಲ್ಲೇ! ಕಾಕತಾಳೀಯ, ನಿಜ. ಆದರೂ ತಂಗಿಯ ಫೋನಿನಲ್ಲಿ ಇವತ್ತು ಪಾಠ ಬರಬೇಕಾದರೆ ಬೇಕಾದ ಎಲ್ಲಾ ಬೇರುಗಳೂ ಒಂದೇ ವರ್ಷದಲ್ಲಿ ನೆಲಕ್ಕೆ ಇಳಿದಿವೆಯಲ್ಲ ಅಂತ ಮಜಾ ಅನಿಸಿತು.

ಅಂಚೆಯಲ್ಲಿ ಪಾಠ ಹೇಳುವುದು ಅದಕ್ಕಿಂತ ಬಹಳ ಹಳೆಯದು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ಅಂಚೆ ಬಂದ ಕೂಡಲೇ ಐಸಾಕ್ ಪಿಟ್ಮನ್ ಅಂಚೆಯಲ್ಲಿ ಶೀಘ್ರಲಿಪಿ ಕಲಿಸಲು ಶುರು ಮಾಡಿದ. ನಮ್ಮಲ್ಲಿ ದಿಲ್ಲಿ ವಿಶ್ವವಿದ್ಯಾಲಯ 1962ರಲ್ಲಿ ಮೊದಲು ಮಾಡಿತು. ನಂತರ ಕೊಠಾರಿ ಆಯೋಗ (1964-66) ಕೂಡ ಇದನ್ನು ಬೆಂಬಲಿಸಿತು. ಮೈಸೂರಿನದು ಆಮೇಲೆ ಬಂದದ್ದು. ಅದಕ್ಕೂ ಮೊದಲೇ, 1930ರ ದಶಕದಿಂದ, ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು, ಅವೇ ಸಣ್ಣ ಪುಸ್ತಕಗಳಾಗಿ ಬರುತ್ತಿದ್ದವು. ಆದರೆ ಆ ಊರುಗಳಲ್ಲಿ ನಮ್ಮೂರು ಇರಲು ಸಾಧ್ಯವೇ ಇರಲಿಲ್ಲ. ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಸೀಮೆ. ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದಾಗ ಪಾಠ ಉರ್ದುವಿನಲ್ಲಿ. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಅಂತ ಅದು ದೊಡ್ಡ ಹೆಜ್ಜೆಯೇ, ಒಪ್ಪುತ್ತೇನೆ. ಆದರೆ ಯರಗೇರಾದ ಕನ್ನಡದ ಹುಡುಗನಿಗೆ ಅದೂ ದೂರದ ಭಾಷೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಗುಲಬರ್ಗಾಕ್ಕೆ ಸ್ವಂತ ವಿಶ್ವವಿದ್ಯಾಲಯ ಬರಲು 1980 ಆಗಬೇಕಾಯಿತು.

ಹೀಗಾಗಿ ಅಂಚೆ ತೆರಪಿನ ಶಿಕ್ಷಣ ಅನ್ನುವುದು ನಮ್ಮ ಕಡೆಯವರಿಗೆ ಬರೀ ಸೌಕರ್ಯ ಅಲ್ಲ, ಇದ್ದ ಕೆಲವೇ ದಾರಿಗಳಲ್ಲಿ ಒಂದು. ಮೈಸೂರು 500 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿಂದ ಕಂದು ಕವರಿನಲ್ಲಿ ಅಚ್ಚು ಹಾಕಿದ ಪಾಠಗಳು ಬರುತ್ತಿದ್ದವು. ಶಾಲೆ ಮೇಷ್ಟ್ರು, ಬ್ಯಾಂಕ್ ಗುಮಾಸ್ತರು, ಪೊಲೀಸರು ರಾತ್ರಿ ಓದಿಕೊಂಡು, ರಜೆ ಹಾಕಿ ಸಂಪರ್ಕ ತರಗತಿಗೆ ಹೋಗಿ, ಪರೀಕ್ಷೆ ಬರೆದು ಬಿ.ಎ., ಎಂ.ಎ. ಮಾಡಿಕೊಂಡರು. ನನಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿದ ಮೇಷ್ಟ್ರು ಎಂ.ಎ. ಮಾಡಿದ್ದು ಹಾಗೇ. ಅವರ ಪಾಠದಲ್ಲಿ ಏನೂ "ಅರ್ಧ" ಇರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ "ಪೋಸ್ಟಿನ ಎಂ.ಎ." ಅಂತ ಚೇಷ್ಟೆ ಮಾಡುತ್ತಿದ್ದದ್ದು ನಮಗೂ ಕೇಳುತ್ತಿತ್ತು.

ಆ ಮೈಸೂರಿನ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಅದರ ಕಥೆ ಇಲ್ಲಿ ಬಿಡುವಂತಿಲ್ಲ, ತಂಗಿಯ ಪ್ರಶ್ನೆಗೆ ಅದೇ ತಿರುಳು. ರಾಜ್ಯದ ಗಡಿ ದಾಟಿ ಖಾಸಗಿ ಕೇಂದ್ರಗಳ ಮೂಲಕ ಕೋರ್ಸು ನಡೆಸಿದ್ದಕ್ಕೆ, ಒಪ್ಪಿಗೆ ಇಲ್ಲದ ತಾಂತ್ರಿಕ ಕೋರ್ಸು ನಡೆಸಿದ್ದಕ್ಕೆ ಯುಜಿಸಿ ಆಕ್ಷೇಪ ಎತ್ತಿತು. 2012-13ರ ನಂತರಕ್ಕೆ ಮಾನ್ಯತೆ ಇಲ್ಲ ಅಂತ 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ದಿನಾಂಕ ಗಮನಿಸಿ. ಪ್ರಕಟಣೆ 2015ರದ್ದು, ಅನ್ವಯ ಹಿಂದಿನಿಂದ. ಮಧ್ಯದಲ್ಲಿ ಸೇರಿ, ಫೀಸು ಕಟ್ಟಿ, ಪರೀಕ್ಷೆ ಬರೆದವರು ತ್ರಿಶಂಕು ಆದರು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ಜಗಳದಲ್ಲಿ ಯಾರದ್ದು ಎಷ್ಟು ತಪ್ಪು ಅಂತ ತೂಗುವಷ್ಟು ದೊಡ್ಡವನಲ್ಲ ನಾನು. ಆದರೆ ಸೇರುವಾಗ ಬರೀ ವಿಶ್ವವಿದ್ಯಾಲಯದ ಹೆಸರು ನೋಡಿದರೆ ಸಾಲದು, ಯಾವ ಕೋರ್ಸಿಗೆ, ಯಾವ ವರ್ಷಕ್ಕೆ, ಯಾವ ವಿಧಾನಕ್ಕೆ ಒಪ್ಪಿಗೆ ಇದೆ ಅಂತ ಯುಜಿಸಿಯ ಪಟ್ಟಿಯಲ್ಲೇ ನೋಡಬೇಕು. ನಮ್ಮ ಕಾಕಾ ನೋಡಿರಲಿಲ್ಲ. ನೋಡಬೇಕು ಅಂತ ಅವರಿಗೆ ಹೇಳಿದವರೂ ಇರಲಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಈ ಸಲ ಉಪಗ್ರಹ ಸಾಲದ್ದಲ್ಲ, ಸ್ವಂತದ್ದು. ಅದರ ಪ್ರಯೋಗಕ್ಕೆ ಮೊದಲು ಆರಿಸಿದವುಗಳಲ್ಲಿ ಬೆಳಗಾವಿಯ ನಮ್ಮ ವಿಟಿಯು ಒಂದು. ಆ ಉಪಗ್ರಹ 2010ರಲ್ಲಿ ನಿವೃತ್ತಿಯಾಯಿತು. ನಾನು ವಿಟಿಯು ವಿದ್ಯಾರ್ಥಿಯಾಗಿ ಸೇರಿದ್ದು ಅದಾದ ಐದು ವರ್ಷಕ್ಕೆ. ನಮ್ಮ ಕಾಲೇಜಿನಲ್ಲಿ "ಎಜುಸ್ಯಾಟ್ ರೂಮ್" ಅಂತ ಬೋರ್ಡು ಮಾತ್ರ ಉಳಿದಿತ್ತು, ಒಳಗೆ ಮುರಿದ ಬೆಂಚುಗಳು.

ನಮ್ಮನ್ನು ಪಾಸು ಮಾಡಿಸಿದ್ದು ಎನ್‌ಪಿಟಿಇಎಲ್. ಏಳು ಐಐಟಿಗಳೂ ಬೆಂಗಳೂರಿನ ಐಐಎಸ್ಸಿಯೂ ಸೇರಿ 2003ರಲ್ಲಿ ಶುರು ಮಾಡಿದ್ದು. ಹಾಸ್ಟೆಲ್ಲಿನಲ್ಲಿ ಒಬ್ಬನ ಹಾರ್ಡ್ ಡಿಸ್ಕಿನಲ್ಲಿ ವೀಡಿಯೋಗಳು ಇರುತ್ತಿದ್ದವು, ಕಾಪಿ ಮಾಡಿಕೊಳ್ಳಲು ಪಾಳಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಪಾಳಿ ತಪ್ಪಿತು. 2017ರ ಜುಲೈ 9ಕ್ಕೆ ಸ್ವಯಂ ಬಂತು. ಪಾಠ ಉಚಿತ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಫೀಸು ಕಟ್ಟಿ ಪರೀಕ್ಷೆ ಬರೆಯಬೇಕು. ಮೊದಲ ಸಲ ಐಐಟಿ ಪ್ರೊಫೆಸರ್ ಒಬ್ಬರು ನನ್ನ ಮೊಬೈಲಿನಲ್ಲಿ ಪಾಯಿಂಟರ್ ವಿವರಿಸಿದಾಗ ಅದು ನನಗೆ ಅರ್ಥ ಆಗಿದ್ದು ಇವತ್ತಿಗೂ ನೆನಪಿದೆ. ಅರ್ಥ ಆಗದೆ ಇದ್ದದ್ದು ಅವರ ಇಂಗ್ಲಿಷು, ಅದಕ್ಕೆ ಮೂರು ಸಲ ನೋಡಿದೆ.

ಆಮೇಲೆ 2020ರ ಕೊರೋನಾ. ಶಾಲೆ ಮುಚ್ಚಿದಾಗ ನಮ್ಮ ಸರ್ಕಾರ ಚಂದನ ವಾಹಿನಿಯಲ್ಲಿ "ಸೇತುಬಂಧ" ಅಂತ ಪಾಠ ಹಾಕಿತು, ಮೇಷ್ಟ್ರುಗಳನ್ನು "ವಿದ್ಯಾಗಮ" ಅಂತ ಊರೊಳಗಿನ ಗುಡಿ, ಮರದ ಕಟ್ಟೆಗೆ ಕಳಿಸಿತು. ಮನೆಯಿಂದ ಕೆಲಸ ಅಂತ ನಾನು ಯರಗೇರಾದಲ್ಲೇ ಇದ್ದೆ. ಚಂದನದ ಮುಂದೆ ಓಣಿಯ ಹುಡುಗರು ಗುಂಪಾಗಿ ಕೂತಿದ್ದನ್ನು ಕಂಡಿದ್ದೆ. ದೊಡ್ಡಪ್ಪನ ಕಥೆ ಕೇಳಿದ ಮೇಲೆ ಆ ಚಿತ್ರ ಬೇರೆಯಾಗಿ ಕಾಣುತ್ತಿದೆ. ನಲವತ್ತೈದು ವರ್ಷದ ನಂತರ ಅದೇ ಜಿಲ್ಲೆ, ಅದೇ ಟೀವಿ, ಅದೇ ನೆಲದ ಮೇಲೆ ಕೂತ ಹುಡುಗರು...

ಅಮೆರಿಕಕ್ಕೆ ಹೋದ ನಮ್ಮ ಟೀಮಿನ ಗೆಳೆಯನೊಬ್ಬನ ಹೆಂಡತಿ ಅಲ್ಲಿ ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿನ ಆನ್‌ಲೈನ್ ಕೋರ್ಸಿಗೆ ಸೇರಿದ್ದಾರೆ. ಅಲ್ಲಿ ಈ ಕಾಲೇಜುಗಳು 1901ರಿಂದ ಇವೆ. ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ ಬೇಕಿದ್ದರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ನಮ್ಮಲ್ಲೂ ಇದೇ ಹೆಸರು 1995ರಲ್ಲಿ ಪಾಂಡಿಚೇರಿಯಲ್ಲಿ ಬಂತು. 2013ರ ಸುಮಾರಿಗೆ ಯುಜಿಸಿ ಕಾಲೇಜುಗಳಿಗೆ ಹಣ ಕೊಟ್ಟು ಯೋಜನೆ ಮಾಡಿತು. ಆದರೆ ಇಲ್ಲಿ ಅದು ಹೆಚ್ಚಾಗಿ ಕಸುಬಿನ ಸಣ್ಣ ಕೋರ್ಸುಗಳಿಗೇ ನಿಂತಿತು. ತಂಗಿಯಂಥವರಿಗೆ ಬೇಕಾದ "ಮನೆ ಹತ್ತಿರ, ಕಡಿಮೆ ಖರ್ಚು, ಮುಂದೆ ದಾರಿ" ಅನ್ನೋ ಕಾಲೇಜು ದೇವದುರ್ಗದ ಹಳ್ಳಿಗೆ ಬರಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 49 ಕೂಡ ಇಲ್ಲ. ಗಂಡಸರದು ಶೇ. 70.

ಅಂತೂ ತಂಗಿಗೆ ಉತ್ತರ ಸಿಕ್ಕಿತು. ಯುಜಿಸಿಯ 2020ರ ನಿಯಮದ ಪ್ರಕಾರ ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿ ಪ್ರಕಟಿಸಿದ್ದಾರೆ. ಪಟ್ಟಿ ತೆಗೆದು, ವಿಶ್ವವಿದ್ಯಾಲಯ, ಕೋರ್ಸು, ವರ್ಷ ಮೂರನ್ನೂ ಅವಳಿಂದಲೇ ಓದಿಸಿದೆ. ಬಿ.ಎ., ದೂರಶಿಕ್ಷಣ, ಪುಸ್ತಕ ಮನೆಗೆ ಬರುತ್ತದೆ, ವೀಡಿಯೋ ಫೋನಿನಲ್ಲಿ.

ಸೇರಿಸುವುದು ಮಾತ್ರ ಸುಲಭ ಆಗಲಿಲ್ಲ. ಈಗ ದೂರಶಿಕ್ಷಣಕ್ಕೆ ಸೇರಲು ಡಿಇಬಿ ಐಡಿ ಬೇಕು. ಅದಕ್ಕೆ ಎಬಿಸಿ ಐಡಿ ಬೇಕು, ಅದಕ್ಕೆ ಆಧಾರ್ ಬೇಕು. ಕಾಕಾನಂಥವರು ಮೋಸ ಹೋಗಬಾರದು ಅಂತಲೇ ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ತಂಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಅದರ ಜೊತೆ ಜೋಡಿಸಿದ ಮೊಬೈಲ್ ನಂಬರ್ ಕೂಡ ಗಂಡನದೇ. ಓಟಿಪಿ ಹೋಗುವುದು ಅವನಿಗೆ. ಅವನೋ ಹತ್ತಿ ಲಾರಿ ಜೊತೆ ರಾಯಚೂರು ಮಾರುಕಟ್ಟೆಯಲ್ಲಿ. ಹತ್ತು ನಿಮಿಷಕ್ಕೆ ಓಟಿಪಿ ಸಾಯುತ್ತದೆ. ನಾಲ್ಕು ಸಲ ಸತ್ತಿತು. ಐದನೇ ಸಲಕ್ಕೆ ತಂಗಿ ಗಂಡನಿಗೆ ಫೋನ್ ಮಾಡಿ, "ತೂಕ ಆಮ್ಯಾಲ ಮಾಡಿಸ್ರಿ, ಮೊದಲ ಆರು ಅಂಕಿ ಓದ್ರಿ" ಅಂತ ಅಂದಳು. ಅವನೂ ಓದಿದ. ಆಮೇಲೆ ನಾನು ಮಾಡಿದ ಮೊದಲ ಕೆಲಸ ಅವಳ ಹೆಸರಲ್ಲೇ ಒಂದು ಸಿಮ್ ಕೊಡಿಸಿ, ರಾಯಚೂರಿಗೆ ಕರೆದುಕೊಂಡು ಹೋಗಿ ಆಧಾರ್‌ಗೆ ಆ ನಂಬರ್ ಹಾಕಿಸಿದ್ದು. ಬಸ್ಸಿಗೆ ಅರ್ಧ ದಿನ, ಪಾಳಿಗೆ ಅರ್ಧ ದಿನ.

ಕಾಕಾಗೂ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಹಳೇ ವಿಶ್ವವಿದ್ಯಾಲಯದ ಹೆಸರು ಹುಡುಕುತ್ತಿದ್ದರೋ ಏನೋ, ಕೇಳಲಿಲ್ಲ.

ಮೊನ್ನೆ ರಾತ್ರಿ ಹತ್ತೂವರೆಗೆ ತಂಗಿಯ ಹೊಸ ನಂಬರಿನಿಂದ ವಾಟ್ಸಾಪ್ ಬಂತು. ಇತಿಹಾಸದ ಮೊದಲ ವೀಡಿಯೋ ನೋಡಿದಳಂತೆ, ಮಕ್ಕಳು ಮಲಗಿದ ಮೇಲೆ. ನಡುವೆ ಎರಡು ಸಲ ನೆಟ್ವರ್ಕ್ ಹೋಯಿತಂತೆ, ಮಾಳಿಗೆ ಹತ್ತಿ ನೋಡಿದಳಂತೆ. ಇದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಂಗಾರ ಆಕಿಗೊಂದು ಕೋಳಿ ಜಾಲರಿ ಕಳಸು" ಅಂದರು.